ವರ್ಷದ ಖರೀದಿಗೆ ಮುಂಗಡ ಲೆಕ್ಕ



ಗೊಬ್ಬರ ಎಷ್ಟು ಹಾಕಬೇಕು, ಮದ್ದು ಯಾವಾಗ ಬಿಡಬೇಕು, ಕಳೆ ಹೇಗೆ ತೆಗೆಯಬೇಕು ಎಂಬ ಮಾತು ಈ ಹೊತ್ತಿನಲ್ಲಿ ಎಷ್ಟೋ ಸಲ ಬಂದಿದೆ. ಬೆಳೆ ಹೆಚ್ಚಿಸುವುದು ಹೇಗೆಂಬುದು ಅಷ್ಟಿಷ್ಟು ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಬೆಳೆದದ್ದನ್ನು ಮಾರಿ ಬಂದ ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಅದನ್ನು ನೋಡಿದವರು ಕಡಮೆ. "ಎಂತ ಮಾಡುದು, ಬಂದದ್ದೇ ಗೊತ್ತಾಗ್ಲಿಲ್ಲ, ಹೋದದ್ದೂ ಗೊತ್ತಾಗ್ಲಿಲ್ಲ" ಎನ್ನುವ ಮಾತು ಬೆಳ್ತಂಗಡಿ ಪೇಟೆಯ ಬಸ್ ನಿಲ್ದಾಣದಲ್ಲಿಯೂ ಕೇಳುತ್ತದೆ, ಸೊಸೈಟಿಯ ಜಗಲಿಯಲ್ಲಿಯೂ ಕೇಳುತ್ತದೆ. ಇಂದು ಆ ಹಣದ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಳೆಗಾಲದ ದಾಸ್ತಾನು, ಆಷಾಢದ ಸೇಲು, ಚೌತಿ, ದಸರಾ, ದೀಪಾವಳಿಯ ರಿಯಾಯಿತಿ ಮಾರಾಟ, ಇವುಗಳಲ್ಲಿ ನಿಜವಾಗಿ ಹಣ ಉಳಿಯುವುದು ಯಾರಿಗೆ? ಮೊದಲೇ ಲೆಕ್ಕ ಹಾಕಿಟ್ಟವರಿಗೆ. ಉಳಿದವರಿಗೆ ಉಳಿತಾಯದ ಹೆಸರಿನಲ್ಲಿ ಖರ್ಚು.

ಹಣ ಬರುವ ಕಾಲ, ಹೋಗುವ ಕಾಲ

ಮೊದಲು ನಮ್ಮ ವರ್ಷವನ್ನು ನೋಡೋಣ. ಸರಕಾರಿ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ. ನಮಗೆ ಹಾಗಲ್ಲ. ಅಡಿಕೆಯ ಕೊಯ್ಲು ನವೆಂಬರಿನ ಸುಮಾರಿಗೆ ಶುರುವಾದರೆ ಎರಡನೆಯ, ಮೂರನೆಯ ಕೊಯ್ಲೆಂದು ಮಾರ್ಚಿನವರೆಗೆ ನಡೆಯುತ್ತದೆ. ಕೊಯ್ದ ಹಣ್ಣಡಿಕೆ ಅಂಗಳದಲ್ಲಿ ನಲ್ವತ್ತು ದಿನದಷ್ಟು ಬಿಸಿಲು ಕಾಣಬೇಕು. ಅದನ್ನು ಸುಲಿದು ಮಾರಿ ಹಣ ಕೈಗೆ ಬರುವಾಗ ಮಕರ ಸಂಕ್ರಾಂತಿ ದಾಟಿರುತ್ತದೆ. ಕರಿಮೆಣಸೂ ಅದೇ ಕಾಲಕ್ಕೆ. ಒಟ್ಟಿನಲ್ಲಿ ಜನವರಿಯಿಂದ ಎಪ್ರಿಲಿನವರೆಗೆ ನಮ್ಮ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ.

ಇನ್ನು ಹಣ ಹೋಗುವ ಕಾಲ ನೋಡಿ. ಮೇ ತಿಂಗಳ ಕೊನೆಗೆ ಮಕ್ಕಳ ಶಾಲೆಯ ಫೀಸು, ಪುಸ್ತಕ, ಕೊಡೆ. ಜೂನಿನಲ್ಲಿ ಮದ್ದು ಬಿಡುವ ಖರ್ಚು. ಜುಲಾಯಿ ನಡುವಿನಿಂದ ಆಟಿ. ಆಟಿಯೆಂದರೆ ನಮ್ಮ ಹಿರಿಯರು ಕೆಸುವಿನೆಲೆ, ಹಲಸಿನ ಬೀಜದಲ್ಲಿ ದಿನ ದೂಡಿದ ಕಾಲ. ಇಂದು ಆ ಬಡತನ ಇಲ್ಲದಿರಬಹುದು. ಆದರೆ ಆಟಿಯಲ್ಲಿ ರೈತನ ಕೈ ಬಿಗಿಯಾಗಿರುವುದು ಇಂದಿಗೂ ಸತ್ಯ. ಅದರ ಬೆನ್ನಿಗೆ ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿ. ದೀಪಾವಳಿ ಬರುವಾಗ ಹೊಸ ಅಡಿಕೆ ಇನ್ನೂ ಮರದಲ್ಲಿಯೇ ಉಂಟು.

ಈಗ ಅಂಗಡಿಯವರ ವರ್ಷ ನೋಡಿ. ಅವರ ದೊಡ್ಡ ಸೇಲುಗಳೆಲ್ಲ ಬರುವುದು ಆಷಾಢದಿಂದ ದೀಪಾವಳಿಯವರೆಗೆ, ಎಂದರೆ ನಮ್ಮ ಕೈ ಬರಿದಾಗಿರುವ ನಾಲ್ಕೈದು ತಿಂಗಳಲ್ಲಿ! ಹಣವಿರುವಾಗ ಸೇಲಿಲ್ಲ, ಸೇಲಿರುವಾಗ ಹಣವಿಲ್ಲ. ಈ ಎರಡರ ನಡುವಿನ ಹಳ್ಳವನ್ನು ಹಾರಲು ಬೇಕಾಗುವುದೇ ಸಾಲ ಅಥವಾ ಕಂತು. ಅಲ್ಲಿಯೇ ನಮಗೆ ಪೆಟ್ಟು ಬೀಳುವುದು. ಸೇಲಿನ ದಿನ ಅಂಗಡಿಯವನು ಇಡುತ್ತಾನೆ; ಅದನ್ನು ಬದಲಾಯಿಸಲು ನಮ್ಮಿಂದ ಆಗದು. ಸುಗ್ಗಿಯ ಹಣದಲ್ಲಿ ಒಂದು ಪಾಲನ್ನು ಅದಕ್ಕಾಗಿ ಮೊದಲೇ ತೆಗೆದಿಡುವುದು ಮಾತ್ರ ನಮ್ಮ ಕೈಯಲ್ಲಿ ಉಂಟು.

ಎರಡು ಬಗೆಯ ಅಗ್ಗ

ಅಗ್ಗವೆಂಬುದರಲ್ಲಿ ಎರಡು ಬಗೆ. ಒಂದು, ಬೆಳೆ ಪೇಟೆಗೆ ಬಂದಾಗ ತಾನಾಗಿ ಇಳಿಯುವ ಬೆಲೆ. ಇನ್ನೊಂದು, ಅಂಗಡಿಯವನು ಬೋರ್ಡು ಹಾಕಿ ಇಳಿಸುವ ಬೆಲೆ. ಮೊದಲನೆಯದಕ್ಕೆ ಬೋರ್ಡಿಲ್ಲ, ಧ್ವನಿವರ್ಧಕವಿಲ್ಲ. ಆದುದರಿಂದ ನಾವು ಅದನ್ನು ಸೇಲೆಂದು ತಿಳಿಯುವುದೇ ಇಲ್ಲ. ಆದರೆ ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಮನೆಗೆ ಹೆಚ್ಚು ನಂಬಿಕೆಯ ಉಳಿತಾಯ ಕೊಡುವುದು ಅದೇ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಸುಮಾರಿಗೆ ಪತ್ತನಾಜೆ. ಅಂದಿಗೆ ಜಾತ್ರೆ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿಯಿತು. ಗೆಜ್ಜೆ ಬಿಚ್ಚುವ ಮೊದಲು ಮಳೆಗಾಲಕ್ಕೆ ಬೇಕಾದದ್ದೆಲ್ಲ ಮನೆಯೊಳಗೆ ಬಂದಿರಬೇಕು ಎಂಬುದು ಲೆಕ್ಕ. ಉಪ್ಪು, ಮೆಣಸು, ಹುಳಿ, ಬೆಲ್ಲ, ಒಣಮೀನು, ಕುಚ್ಚಲಕ್ಕಿಯ ಮುಡಿ, ಹಪ್ಪಳ, ಸಾಂತಾಣಿ, ಮಿಡಿ ಉಪ್ಪಿನಕಾಯಿ, ಸೌದೆ ಎಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ತೋಡು ದಾಟಲಾರದೆ ವಾರಗಟ್ಟಲೆ ಪೇಟೆ ಕಾಣದೆ ಇದ್ದ ಕಾಲದಲ್ಲಿ ಈ ದಾಸ್ತಾನೇ ಜೀವ ಉಳಿಸಿತು.

ಈಗ ಸೇತುವೆ ಆಯಿತು, ಬಸ್ಸಾಯಿತು, ದಿನಾ ಪೇಟೆ ಉಂಟು, ಇದೆಲ್ಲ ಬೇಕೇ ಎಂದು ಕೇಳಬಹುದು. ಬೇಕು. 2019ರ ಆಗಸ್ಟಿನಲ್ಲಿ ನಮ್ಮ ತಾಲೂಕಿನಲ್ಲಿ ನೆರೆ ಬಂದದ್ದು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದದ್ದು ನಿಮಗೆ ನೆನಪಿರಬಹುದು. ಘಟ್ಟದ ಮೇಲಿನಿಂದ ತರಕಾರಿ ಇಳಿಯುವ ದಾರಿ ಅದು. ದಾರಿ ನಿಂತರೆ ಪೇಟೆಯಲ್ಲಿ ಬೆಲೆ ಏರುತ್ತದೆ. ಮತ್ತೊಂದು ಕಾರಣವೂ ಉಂಟು: ಬೆಲೆಗೆ ಒಂದು ಋತುಮಾನವಿದೆ.

ಬ್ಯಾಡಗಿ ಮೆಣಸಿನ ಕೊಯ್ಲು ಜನವರಿಯಿಂದ ಮಾರ್ಚಿನವರೆಗೆ. ಹೊಸ ಹುಣಸೆಹುಳಿ, ಕೊತ್ತಂಬರಿ ಬೀಜ ಪೇಟೆಗೆ ಬರುವುದೂ ಫೆಬ್ರವರಿಯ ಮೇಲೆ. ಬೇಸಗೆಯ ನೀರುಳ್ಳಿ ಮಾರ್ಚಿನಿಂದ ಮೇ ತನಕ. ಮೀನಿನ ವಿಷಯಕ್ಕೆ ಬಂದರೆ ಕರಾವಳಿಯಲ್ಲಿ ಜೂನ್ 1ರಿಂದ ಜುಲಾಯಿ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಒಣಮೀನು ಒಣಗುವುದು ಅದಕ್ಕಿಂತ ಮೊದಲಿನ ಬಿಸಿಲಿನಲ್ಲಿ. ಇವೆಲ್ಲವೂ ಅಗ್ಗವಾಗುವ ಕಾಲ ನಮ್ಮ ಕೈಯಲ್ಲಿ ಅಡಿಕೆಯ ಹಣ ಇರುವ ಕಾಲವೇ! ಈ ಯೋಗವನ್ನು ಕಳೆದುಕೊಂಡು ಆಟಿಯಲ್ಲಿ ಕಾಲು ಕಿಲೋ, ಅರ್ಧ ಕಿಲೋ ಎಂದು ಸಾಲದಲ್ಲಿ ಬರೆಸಿ ತಂದರೆ ಅದಕ್ಕಿಂತ ದುಬಾರಿ ಖರೀದಿ ಇನ್ನಿಲ್ಲ.

ಆದರೆ ಹೆಚ್ಚು ತಂದು ಹಾಳುಮಾಡುವುದೂ ನಷ್ಟವೇ. ಕೆಟ್ಟುಹೋದ ಅಗ್ಗದ ವಸ್ತುವಿನಷ್ಟು ದುಬಾರಿ ಬೇರೆ ಯಾವುದು? ಕಳೆದ ವರ್ಷ ಜೂನಿನಿಂದ ಸೆಪ್ಟೆಂಬರಿನವರೆಗೆ ಎಷ್ಟು ಮೆಣಸು, ಎಷ್ಟು ಹುಳಿ ಖರ್ಚಾಯಿತೆಂಬುದು ಮನೆಯ ತಾಯಂದಿರಿಗೆ ಗೊತ್ತು. ಅಷ್ಟೇ ತನ್ನಿ. ಮೆಣಸು, ಕೊತ್ತಂಬರಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ಮತ್ತೊಮ್ಮೆ ಗರಿಗರಿಯಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ತೇವ ಸೇರಿದರೆ ಬೂಸ್ಟು. ನೀರುಳ್ಳಿ ನಮ್ಮ ಹವೆಗೆ ಹೆಚ್ಚು ದಿನ ತಡೆಯದು. ಗಾಳಿಯಾಡುವ ಅಟ್ಟದಲ್ಲಿ ಹರಡಿಟ್ಟು ಎರಡು ತಿಂಗಳಿಗಾಗುವಷ್ಟು ಮಾತ್ರ ಇಟ್ಟುಕೊಳ್ಳಿ.

ಮೈಲುತುತ್ತು, ಸುಣ್ಣ

ತೋಟದ ದೊಡ್ಡ ಋತುಮಾನದ ಖರೀದಿ ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಅದಾಗಿ 40-45 ದಿನಗಳಲ್ಲಿ ಇನ್ನೊಮ್ಮೆ ಬಿಡಬೇಕೆಂಬುದು ನಿಮಗೆ ತಿಳಿದೇ ಇದೆ. ಮೇ ಕೊನೆಯಲ್ಲಿ ಒಂದು ಮಳೆ ಬಿದ್ದದ್ದೇ ತಡ, ಎಲ್ಲರೂ ಒಟ್ಟಿಗೆ ಅಂಗಡಿಗೆ ಓಡುತ್ತೇವೆ. "ಅಣ್ಣಾ, ಮೈಲುತುತ್ತು ಉಂಟಾ?" "ನಿನ್ನೆ ಮುಗೀತು ಮಾರಾಯ್ರೇ, ನಾಡಿದ್ದು ಬರ್ತದೆ. ರೇಟು ಸ್ವಲ್ಪ ಮೇಲೆ ಹೋಗಿದೆ." ಈ ಸಂಭಾಷಣೆ ವರ್ಷ ವರ್ಷವೂ ನಡೆಯುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬೆಲೆ ಏರುವುದು ಒಂದು ನಷ್ಟವಾದರೆ, ಎರಡು ದಿನ ಕಾದು ಮಳೆ ಹಿಡಿದು ಮದ್ದು ತಡವಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಲೆಕ್ಕ ಕಷ್ಟದ್ದಲ್ಲ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮೊಂದಕ್ಕೆ ಎರಡೆರಡು ಕಿಲೋ. ಕಳೆದ ವರ್ಷ ನಿಮ್ಮ ತೋಟಕ್ಕೆ ಒಂದು ಸಲಕ್ಕೆ ಎಂಟು ಡ್ರಮ್ಮು ಹೋಗಿದ್ದರೆ 16 ಕಿಲೋ, ಎರಡು ಸಲಕ್ಕೆ 32 ಕಿಲೋ. ಇದನ್ನು ಮಾರ್ಚ್ ಎಪ್ರಿಲಿನಲ್ಲಿಯೇ, ಎರಡು ಮೂರು ಕಡೆ ದರ ಕೇಳಿ ಕೊಳ್ಳಿರಿ. ಮೈಲುತುತ್ತು ಒಣಗಿದ ಜಾಗದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು. ಪ್ಲಾಸ್ಟಿಕ್ಕಿನ ಡಬ್ಬದಲ್ಲಿ ಇಡಿ. ಅದು ವಿಷ, ಮಕ್ಕಳ ಕೈಗೆ, ದನಕರುಗಳ ಬಾಯಿಗೆ ಸಿಗಬಾರದು. ಸುಣ್ಣದ ಮಾತು ಬೇರೆ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ. ಅದನ್ನು ಮದ್ದು ಬಿಡುವ ದಿನ ಹತ್ತಿರ ಬಂದಾಗಲೇ ತನ್ನಿ. ಯಾವುದನ್ನು ಬೇಗ ಕೊಳ್ಳಬೇಕು, ಯಾವುದನ್ನು ತಡೆದು ಕೊಳ್ಳಬೇಕು ಎಂಬ ವಿವೇಕವೂ ಮುಂಗಡ ಲೆಕ್ಕದಲ್ಲಿ ಸೇರಿದೆ.

ಹತ್ತು ಮನೆಯವರು ಸೇರಿ ಒಟ್ಟಿಗೆ ತಂದರಂತೂ ದರದಲ್ಲಿಯೂ ಸಾಗಾಟದಲ್ಲಿಯೂ ಉಳಿತಾಯ. ಮುಯ್ಯಾಳಿನ ಪದ್ಧತಿ ನಮಗೆ ಹೊಸದಲ್ಲ. 1982ರಲ್ಲಿ ಇದೇ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಸಂಘಗಳಲ್ಲಿ ಸಣ್ಣ ರೈತರು ಒಬ್ಬರ ತೋಟದಲ್ಲಿ ಒಬ್ಬರು ದುಡಿದು ಶ್ರಮ ಹಂಚಿಕೊಂಡದ್ದನ್ನು ನೀವು ನೋಡಿದ್ದೀರಿ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಬೆಳೆಗಾರರು ಕೂಡಿ ಮಾರಿದರೆ ಬೆಲೆ ನಿಲ್ಲುತ್ತದೆಂಬ ನಂಬಿಕೆಯಿಂದಲೇ. ಕೂಡಿ ದುಡಿಯಲು, ಕೂಡಿ ಮಾರಲು ಬರುವ ನಮಗೆ ಕೂಡಿ ಕೊಳ್ಳಲು ಬಾರದೇ?

ಆಷಾಢದ ಸೇಲು

ಈಗ ಬೋರ್ಡಿನ ಸೇಲಿಗೆ ಬರೋಣ. ಆಷಾಢದಲ್ಲಿ, ನಮ್ಮ ಆಟಿಯಲ್ಲಿ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಜವಳಿ ಅಂಗಡಿಯಲ್ಲಿ ಗಿರಾಕಿಯಿಲ್ಲದೆ ಹಳೆಯ ಸರಕು ಕೂತಿರುತ್ತದೆ. ಹಬ್ಬಕ್ಕೆ ಹೊಸ ಸರಕು ತರಿಸಲು ಜಾಗವೂ ಬೇಕು, ಹಣವೂ ಬೇಕು. ಆದುದರಿಂದ ಬೆಲೆ ಇಳಿಸುತ್ತಾರೆ. ಇದಕ್ಕೆ ಅರ್ಥವಿರುವ ಕಾರಣವಿದೆ. ಇಳಿಕೆಯೂ ಹಲವು ವೇಳೆ ನಿಜವಾದದ್ದೇ. ಮನೆಬಳಕೆಯ ಬಟ್ಟೆ, ಹೊದಿಕೆ, ಮಕ್ಕಳ ಉಡುಪು ಇವನ್ನು ಆಗ ಕೊಂಡರೆ ಲಾಭ. ಅದಕ್ಕಾಗಿ ಸುಗ್ಗಿಯಲ್ಲಿಯೇ ಸ್ವಲ್ಪ ಹಣ ಬದಿಗಿಟ್ಟಿರಬೇಕು ಅಷ್ಟೆ. ಎರಡು ಎಚ್ಚರಿಕೆ: ಹಳೆಯ ಸರಕಾದ್ದರಿಂದ ಬಿಚ್ಚಿ, ಬೆಳಕಿಗೆ ಹಿಡಿದು, ಹರಕು ಕಲೆ ನೋಡಿ ಕೊಳ್ಳಿ. ಮತ್ತೆ, ಒಂದು ಕೊಂಡರೆ ಒಂದು ಉಚಿತವೆಂದಾಗ ನಿಮಗೆ ಎರಡು ಬೇಕಿತ್ತೇ ಎಂದು ಕೇಳಿಕೊಳ್ಳಿ. ಒಂದೇ ಬೇಕಿದ್ದವರಿಗೆ ಎರಡನೆಯದು ಉಚಿತವಲ್ಲ. ಅದರ ಬೆಲೆ ಮೊದಲನೆಯದರ ಚೀಟಿಯಲ್ಲಿ ಸೇರಿಕೊಂಡಿರುವುದುಂಟು.

ದೀಪಾವಳಿಯ ರಿಯಾಯಿತಿ: ಎಷ್ಟಕ್ಕೆ ಎಷ್ಟು ಕಡಮೆ?

ಚೌತಿಯಿಂದ ದೀಪಾವಳಿಯವರೆಗೆ ಬರುವುದು ದೊಡ್ಡ ವಸ್ತುಗಳ ಸೇಲು: ಫ್ರಿಜ್, ಟಿ.ವಿ., ಬಟ್ಟೆ ಒಗೆಯುವ ಯಂತ್ರ, ಮೊಬೈಲು, ಬೈಕು. ಇಲ್ಲಿ ಒಂದು ಪ್ರಶ್ನೆ ಕೇಳಲು ಕಲಿಯಬೇಕು. "ಶೇಕಡಾ 25 ರಿಯಾಯಿತಿ" ಎಂದರೆ ಯಾವ ಬೆಲೆಯಿಂದ 25?

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿ ಗಿರಾಕಿಯಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಆದರೆ ಅದಕ್ಕಿಂತ ಕಡಮೆಗೆ ಎಲ್ಲ ದಿನಗಳಲ್ಲಿಯೂ ಮಾರಬಹುದು, ಮಾರುತ್ತಲೂ ಇರುತ್ತಾರೆ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಒಂದು ಫ್ರಿಜ್ಜಿನ ಎಂ.ಆರ್.ಪಿ. 32,000 ರೂಪಾಯಿ. ದೀಪಾವಳಿಗೆ ಶೇಕಡಾ 25 ಕಳೆದು 24,000. ಎಂಟು ಸಾವಿರ ಉಳಿಯಿತೆಂದು ನಮಗೆ ಸಂತೋಷ. ಆದರೆ ಅದೇ ಫ್ರಿಜ್ಜು ಆಟಿಯಲ್ಲಿ, ಯಾವ ಬೋರ್ಡೂ ಇಲ್ಲದೆ, 24,500ಕ್ಕೆ ಸಿಗುತ್ತಿತ್ತು ಎನ್ನಿ. ಹಾಗಾದರೆ ನಿಜವಾದ ಉಳಿತಾಯ 500 ರೂಪಾಯಿ ಮಾತ್ರ.

ಇದನ್ನು ತಿಳಿಯುವುದು ಹೇಗೆ? ಸೇಲಿಗೆ ಎರಡು ತಿಂಗಳ ಮೊದಲು, ಬೆಳ್ತಂಗಡಿಗೋ ಉಜಿರೆಗೋ ಗುರುವಾಯನಕೆರೆಗೋ ಬೇರೆ ಕೆಲಸಕ್ಕೆ ಹೋದಾಗ ಎರಡು ಮೂರು ಅಂಗಡಿಯಲ್ಲಿ ಬೇಕಾದ ವಸ್ತುವಿನ ಹೆಸರು, ಮಾದರಿಯ ಸಂಖ್ಯೆ, ಕೊಡುವ ಬೆಲೆ ಕೇಳಿ ಬರೆದಿಡಿ. ಮೊಬೈಲಿನಲ್ಲಿ ನೋಡುವ ಮಕ್ಕಳಿದ್ದರೆ ಅಲ್ಲಿನ ಬೆಲೆಯನ್ನೂ ಬರೆಸಿ. ಈ ಒಂದು ಚೀಟಿ ಕಿಸೆಯಲ್ಲಿದ್ದರೆ ಸೇಲಿನ ಬೋರ್ಡು ನಿಮ್ಮನ್ನು ಮರುಳು ಮಾಡಲಾರದು. ಮಾದರಿಯ ಸಂಖ್ಯೆ ಮುಖ್ಯ. ಒಂದಕ್ಷರ ಬದಲಾದರೂ ಅದು ಬೇರೆ ವಸ್ತು. ಹಾಗೆಯೇ ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರೆ. ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ತು ಬೇಕೆಂಬುದನ್ನು ಅದರಲ್ಲಿ ಓದಿ. ಸಾವಿರ ರೂಪಾಯಿ ಅಗ್ಗವೆಂದು ತಂದದ್ದು ಹತ್ತು ವರ್ಷ ಹೆಚ್ಚು ಕರೆಂಟು ತಿಂದರೆ ಅದು ಅಗ್ಗವಲ್ಲ.

ತೆರಿಗೆ ಇಳಿಯಿತೆಂಬ ಬೋರ್ಡೂ ಈಗ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾದದ್ದು ನಿಜ. ಟ್ರ್ಯಾಕ್ಟರು, ಹನಿ ನೀರಾವರಿ ಮತ್ತು ಸ್ಪ್ರಿಂಕ್ಲರ್ ಸಾಮಗ್ರಿಗೆ ಶೇಕಡಾ 12 ಇದ್ದದ್ದು 5ಕ್ಕೆ ಇಳಿಯಿತು. 32 ಇಂಚಿಗಿಂತ ದೊಡ್ಡ ಟಿ.ವಿ.ಗೆ, ಎ.ಸಿ.ಗೆ 28 ಇದ್ದದ್ದು 18 ಆಯಿತು. ಆದರೆ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಮೊಬೈಲು ಇವಕ್ಕೆ ಮೊದಲೂ 18, ಆಮೇಲೂ 18. ಬಂಗಾರಕ್ಕೆ ಮೊದಲಿನಂತೆ 3. ಆದುದರಿಂದ ಎಲ್ಲ ವಸ್ತುವೂ ತೆರಿಗೆಯಿಂದ ಅಗ್ಗವಾಯಿತೆಂದು ಯಾರಾದರೂ ಹೇಳಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ತೋರಿಸಲು ಹೇಳಿ. ಸ್ಪ್ರಿಂಕ್ಲರ್, ಪೈಪು ಕೊಳ್ಳುವವರು ಇನ್ನೊಂದು ಮಾತು ನೆನಪಿಡಿ: ಸಹಾಯಧನ ಸಿಗುವುದಾದರೆ ಮೊದಲು ಇಲಾಖೆಗೆ ಅರ್ಜಿ, ಆಮೇಲೆ ಖರೀದಿ. ಸೇಲಿನ ಆಸೆಗೆ ಮೊದಲೇ ತಂದು ಆಮೇಲೆ ಬಿಲ್ಲು ಹಿಡಿದುಕೊಂಡು ಹೋದರೆ ಬರಿಗೈಯಲ್ಲಿ ಮರಳಬೇಕಾದೀತು. ನಿಮ್ಮ ಹೋಬಳಿ ಬೆಳ್ತಂಗಡಿಯಾಗಲಿ, ವೇಣೂರಾಗಲಿ, ಕೊಕ್ಕಡವಾಗಲಿ, ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಕಂತಿನ ಒಳಗುಟ್ಟು

"ಈಗ ಒಂದು ಪೈಸೆ ಬೇಡ ಧಣಿಗಳೇ, ತಿಂಗಳಿಗೆ ಸಾವಿರದ ಚಿಲ್ಲರೆ ಕಟ್ಟಿದ್ರೆ ಆಯ್ತು." ಈ ಮಾತಿಗೆ ಸೋಲದವರು ವಿರಳ. ಅದರ ಲೆಕ್ಕ ಬಿಡಿಸಿ ನೋಡೋಣ.

ಅದೇ 24,000 ರೂಪಾಯಿಯ ಫ್ರಿಜ್ಜು. ಹನ್ನೆರಡು ಕಂತು, ಬಡ್ಡಿ ವರ್ಷಕ್ಕೆ ಶೇಕಡಾ 12 ಎಂದು ಹೇಳುತ್ತಾರೆ. ಪೂರ್ತಿ 24,000ಕ್ಕೆ ಪೂರ್ತಿ ವರ್ಷದ ಬಡ್ಡಿ 2,880 ಹಾಕಿ, ಒಟ್ಟು 26,880ನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 2,240 ಎನ್ನುತ್ತಾರೆ. ಆದರೆ ಸ್ವಾಮಿ, ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದಿರಲ್ಲ! ಆರು ತಿಂಗಳಾಗುವಾಗ ಅರ್ಧ ಸಾಲ ತೀರಿದೆ. ಬಡ್ಡಿ ಮಾತ್ರ ಪೂರ್ತಿ 24,000ಕ್ಕೆ ಕಟ್ಟುತ್ತಿದ್ದೀರಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ ಈ ಶೇಕಡಾ 12 ಎಂಬುದು ನಿಜವಾಗಿ 21ಕ್ಕೂ ಮೇಲೆ ಹೋಗುತ್ತದೆ. ಇದರ ಮೇಲೆ ಕಡತದ ಶುಲ್ಕ ಬೇರೆ.

ಬಡ್ಡಿಯೇ ಇಲ್ಲದ ಕಂತು ಎಂಬುದೂ ಉಂಟಲ್ಲ ಎಂದು ಕೇಳುತ್ತೀರಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಗಿರಾಕಿಯ ತಲೆಗೇ ಬರುತ್ತದೆಂದು 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಈಗ ಅದೇ ಸಂಗತಿ "ಖರ್ಚಿಲ್ಲದ ಕಂತು" ಎಂಬ ಹೆಸರಿನಲ್ಲಿ ನಡೆದಿದೆ. ಬಡ್ಡಿಯ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಇಷ್ಟೇ: "ಕೈಯಲ್ಲೇ ಹಣ ಕೊಟ್ರೆ ಎಷ್ಟಕ್ಕೆ ಕೊಡ್ತೀರಿ?" ರೊಕ್ಕದ ಬೆಲೆ ಕಂತಿನ ಒಟ್ಟು ಮೊತ್ತಕ್ಕಿಂತ ಕಡಮೆಯಿದ್ದರೆ, ಆ ವ್ಯತ್ಯಾಸವೇ ಬಡ್ಡಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವಾಗ ಒಟ್ಟು ಖರ್ಚು, ವರ್ಷದ ನಿಜವಾದ ದರ ಇವೆಲ್ಲ ಬರೆದ ಮುಖ್ಯ ವಿವರಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಅದನ್ನು ಕೇಳಿ ಪಡೆದು, ಓದಿ, ಆಮೇಲೆ ರುಜು ಹಾಕಿ.

ಆದರೆ ರೈತನಿಗೆ ಬಡ್ಡಿಗಿಂತ ದೊಡ್ಡ ಪೆಟ್ಟು ಬೇರೆ ಉಂಟು. ದೀಪಾವಳಿಗೆ ಕೊಂಡ ವಸ್ತುವಿನ ಮೊದಲ ಕಂತು ಮುಂದಿನ ತಿಂಗಳೇ. ಆಗ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ಕಂತು ಬಿಸಿಲಿಗಾಗಿ ಕಾಯುವುದಿಲ್ಲ. ಏನು ಮಾಡುತ್ತೇವೆ? ಪರಿಚಯದ ವ್ಯಾಪಾರಿಯಿಂದ ಸ್ವಲ್ಪ ಮುಂಗಡ ತರುತ್ತೇವೆ. ಮುಂಗಡ ತಂದ ಮೇಲೆ ಅಡಿಕೆ ಅವನಿಗೇ ಕೊಡಬೇಕು, ಅವನು ಹೇಳಿದ ದರಕ್ಕೆ, ಅವನು ಹೇಳಿದಾಗ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಸಾಮಾನ್ಯವಾಗಿ ಹೆಚ್ಚು ದರವೆಂದು ಗೊತ್ತಿದ್ದರೂ ಇಟ್ಟು ಮಾರುವ ಸ್ವಾತಂತ್ರ್ಯ ಹೋಯಿತು. ಎರಡು ಕ್ವಿಂಟಾಲು ಅಡಿಕೆಗೆ ಕಿಲೋಗೆ 20 ರೂಪಾಯಿ ಕಡಮೆ ಸಿಕ್ಕಿತೆಂದು ಹಿಡಿಯಿರಿ: 4,000 ರೂಪಾಯಿ. ಈಗ ಕೂಡಿಸಿ. ಫ್ರಿಜ್ಜಿಗೆ 24,000, ಬಡ್ಡಿ 2,880, ಅಡಿಕೆಯಲ್ಲಿ ಹೋದದ್ದು 4,000. ಒಟ್ಟು 30,880. ಪೆಟ್ಟಿಗೆಯ ಮೇಲಿನ 32,000ಕ್ಕೆ ಎಷ್ಟು ಕಡಮೆಯಾಯಿತು? ಬೋರ್ಡಿನಲ್ಲಿ ಕೊಟ್ಟ ರಿಯಾಯಿತಿ ಹಿಂಬಾಗಿಲಿನಿಂದ ಹೊರಗೆ ಹೋಯಿತು. ಇನ್ನು ಆ ವರ್ಷ ಕೊಳೆಯೋ ಎಲೆಚುಕ್ಕಿ ರೋಗವೋ ಬಂದು ಫಸಲು ಅರ್ಧವಾದರೆ, ಕಂತು ಅರ್ಧವಾಗುತ್ತದೆಯೇ?

ಸಹಕಾರಿ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದಲ್ಲ, ಅದರಲ್ಲಿ ಕೊಂಡರಾಯಿತು ಎನ್ನುವವರೂ ಇದ್ದಾರೆ. ಅದು ಅಪಾಯದ ದಾರಿ. ಆ ಸವಲತ್ತು ಸಕಾಲದಲ್ಲಿ ತೀರಿಸಿದವರಿಗೆ ಮಾತ್ರ. ತೋಟಕ್ಕೆ ಹಾಕಿದ ಹಣ ಫಸಲಾಗಿ ಮರಳುತ್ತದೆ. ಫ್ರಿಜ್ಜಿಗೆ ಹಾಕಿದ್ದು ಮರಳುವುದಿಲ್ಲ.

ಕಂತನ್ನು ತಿರುಗಿಸಿ ಕಟ್ಟಿ

ಹಾಗಾದರೆ ಬಡ ರೈತನ ಮನೆಗೆ ಫ್ರಿಜ್ಜು ಬೇಡವೇ? ಖಂಡಿತ ಬೇಕು. ಕಂತೂ ಇರಲಿ, ಆದರೆ ಕೊಂಡ ಮೇಲೆ ಕಟ್ಟುವ ಬದಲು ಕೊಳ್ಳುವ ಮೊದಲೇ ಕಟ್ಟಿ. ತಿಂಗಳಿಗೆ 2,240 ಕಂತು ಕಟ್ಟಲು ಸಾಧ್ಯವಿದ್ದ ಮನೆಗೆ 2,000 ಉಳಿಸಲು ಸಾಧ್ಯವಿದೆ. ಸೊಸೈಟಿಯಲ್ಲಿಯೋ ಬ್ಯಾಂಕಿನಲ್ಲಿಯೋ ಒಂದು ವರ್ಷದ ಆವರ್ತ ಠೇವಣಿ ಮಾಡಿ. ಒಂದು ದೀಪಾವಳಿಗೆ ಶುರುಮಾಡಿದರೆ ಮುಂದಿನ ದೀಪಾವಳಿಗೆ 24,000 ಅಸಲು, ಮೇಲೆ ಬಡ್ಡಿ ನಿಮಗೆ! ತಿಂಗಳು ತಿಂಗಳು ಆಗದವರು ಅಡಿಕೆ ಮಾರಿದ ದಿನವೇ ಒಂದು ಮೊತ್ತವನ್ನು ಎಂಟು ತಿಂಗಳಿಗೆ ಠೇವಣಿ ಇಡಿ. ಸ್ವಸಹಾಯ ಸಂಘದ ತಾಯಂದಿರು ವಾರದ ಉಳಿತಾಯದಿಂದಲೇ ಇದನ್ನು ಮಾಡಬಲ್ಲರು. ಹನಿಗೂಡಿದರೆ ಹಳ್ಳ. ಕೈಯಲ್ಲಿ ರೊಕ್ಕ ಇಟ್ಟುಕೊಂಡು ಅಂಗಡಿಗೆ ಹೋದವನ ದನಿಯೇ ಬೇರೆ. ಅವನು ಇನ್ನೂ ಐನೂರು ಇಳಿಸಲು ಕೇಳಬಲ್ಲ; ಸರಿಬರದಿದ್ದರೆ ಎದ್ದು ಬರಬಲ್ಲ. ಸಾಲದಲ್ಲಿ ಹೋದವನಿಗೆ ಎದ್ದು ಬರುವ ಧೈರ್ಯವಿಲ್ಲ.

ಮನೆಯವರೆಲ್ಲ ಕೂತು ಒಂದು ಪಟ್ಟಿ ಮಾಡಿ. ಮಕ್ಕಳ ಹಳೆ ನೋಟುಪುಸ್ತಕ ಸಾಕು. ಮೂರು ಸಾಲು ಎಳೆಯಿರಿ: ಇಲ್ಲದೆ ಆಗದ್ದು, ಇದ್ದರೆ ಒಳ್ಳೆಯದು, ಆಸೆಗೆ ಬೇಕಾದದ್ದು. ಒಂದೊಂದರ ಮುಂದೆ ಯಾವ ತಿಂಗಳಲ್ಲಿ ಅದು ಅಗ್ಗ, ಎಷ್ಟು ಹಣ ಬೇಕು, ಹಣ ಎಲ್ಲಿಂದ ಎಂದು ಬರೆಯಿರಿ. ಹಣದ ಮೂಲ ಬರೆಯಲಾಗದ ವಸ್ತುವನ್ನು ಈ ವರ್ಷ ಬಿಡಿ. ಯಜಮಾನರು ಒಬ್ಬರೇ ಪಟ್ಟಿ ಮಾಡಿದರೆ ಆಗದು. ಅಡುಗೆಮನೆಯ ಅಗತ್ಯ ತಿಳಿದವರು ತಾಯಂದಿರು, ಶಾಲೆಯ ಅಗತ್ಯ ತಿಳಿದವರು ಮಕ್ಕಳು. ಮಕ್ಕಳೂ ಕೂತು ಲೆಕ್ಕ ಕೇಳಿದರೆ "ಅಪ್ಪಾ, ಅವರ ಮನೇಲಿ ತಂದಿದ್ದಾರೆ, ನಮಗೂ ಬೇಕು" ಎಂಬ ಹಟ ತಾನಾಗಿ ಕಡಮೆಯಾಗುತ್ತದೆ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೋ ಊರಿನ ಜಾತ್ರೆಗೋ ಹೋಗುವಾಗಲೂ ಇಷ್ಟು ರೂಪಾಯಿ ಎಂದು ಬೇರೆ ಇಟ್ಟುಕೊಂಡು ಹೋಗಿ. ಜಾತ್ರೆಯಲ್ಲಿ ಮಕ್ಕಳಿಗೆ ಬಳೆ, ಆಟಿಕೆ, ಮಿಠಾಯಿ ಕೊಡಿಸಬಾರದೆಂದಲ್ಲ. ಸಂತೋಷಕ್ಕೂ ಒಂದು ಸಾಲು ಪಟ್ಟಿಯಲ್ಲಿರಲಿ. ಆಗ ಅದು ಮನೆಯ ಅಕ್ಕಿಯ ಹಣವನ್ನು ತಿನ್ನುವುದಿಲ್ಲ.

ಕೊಂಡ ಮೇಲೆ

ಕೊಂಡ ವಸ್ತುವಿಗೆ ಅಚ್ಚಿನ ಬಿಲ್ಲು ತಪ್ಪದೆ ಕೇಳಿ. ಗ್ಯಾರಂಟಿ ಕಾರ್ಡಿಗೆ ದಿನಾಂಕ, ಮೊಹರು ಹಾಕಿಸಿ, ಭೂಮಿಯ ಪತ್ರಗಳ ಜೊತೆಗೆ ಇಡಿ. ಕೆಟ್ಟರೆ ರಿಪೇರಿಗೆ ಬರುವವರು ತಾಲೂಕಿನೊಳಗೆ ಇದ್ದಾರೆಯೇ, ಮಂಗಳೂರಿಗೇ ಹೊರಬೇಕೇ ಎಂದು ಮೊದಲೇ ಕೇಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವಿಲ್ಲ. ಹಬ್ಬದ ದಿನಗಳಲ್ಲಿ ಮೊಬೈಲಿಗೆ "ಬಹುಮಾನ ಬಂದಿದೆ, ಇಲ್ಲಿ ಒತ್ತಿ" ಎಂಬ ಸಂದೇಶಗಳು ಬರುತ್ತವೆ. ಒತ್ತಬೇಡಿ. ಬ್ಯಾಂಕಿನಿಂದ ಬಂದ ಗುಟ್ಟಿನ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಮರಳುವ ಆಸೆ ಕಡಮೆ.

ರೈತ ಬಾಂಧವರೇ, ಹೇಳಿದ್ದನ್ನು ನೆನಪಿಗೆಂದು ಚಿಕ್ಕದಾಗಿ ಮತ್ತೆ ಹೇಳುತ್ತೇನೆ:

1. ಮೆಣಸು, ಹುಳಿ, ಕೊತ್ತಂಬರಿ, ಒಣಮೀನು: ಹೊಸತು ಬಂದ ಕಾಲದಲ್ಲಿ, ಪತ್ತನಾಜೆಯ ಮೊದಲು. ಬೇಕಾದಷ್ಟೇ.
2. ಮೈಲುತುತ್ತು ಮಾರ್ಚ್ ಎಪ್ರಿಲಿನಲ್ಲಿ, ಸಾಧ್ಯವಾದರೆ ನೆರೆಮನೆಯವರ ಜೊತೆ ಕೂಡಿ. ಸುಣ್ಣ ಮಾತ್ರ ಕೆಲಸದ ಹೊತ್ತಿಗೆ.
3. ಬಟ್ಟೆಬರೆ ಆಷಾಢದಲ್ಲಿ, ಸುಗ್ಗಿಯಲ್ಲಿ ತೆಗೆದಿಟ್ಟ ಹಣದಿಂದ.
4. ದೊಡ್ಡ ವಸ್ತುವಿನ ಬೆಲೆಯನ್ನು ಸೇಲಿಗೆ ಎರಡು ತಿಂಗಳ ಮೊದಲೇ ಬರೆದಿಡಿ.
5. ಕಂತನ್ನು ಕೊಳ್ಳುವ ಮೊದಲು ನಿಮ್ಮ ಖಾತೆಗೇ ಕಟ್ಟಿ.
6. ವಸ್ತುವಿಗಾಗಿ ಅಡಿಕೆಯ ಮೇಲೆ ಮುಂಗಡ ತರಬೇಡಿ.

ಈ ಆರನೆಯ ಮಾತು ಉಳಿದ ಐದಕ್ಕಿಂತ ಮುಖ್ಯ. ಅಡಿಕೆ ನಮ್ಮ ಅಟ್ಟದಲ್ಲಿರುವವರೆಗೆ ಅದನ್ನು ಯಾವಾಗ ಮಾರಬೇಕೆಂದು ಹೇಳುವವರು ನಾವು. ಸಾಲದ ಕಂತು ಅಟ್ಟ ಹತ್ತಿತೆಂದರೆ ಆ ಮಾತು ಬೇರೆಯವರದ್ದಾಗುತ್ತದೆ. ಈ ವಾರ ಬಿಡುವಾದ ಒಂದು ಸಂಜೆ ಮನೆಮಂದಿಯೆಲ್ಲ ಕೂತು ಪಟ್ಟಿ ಬರೆಯಿರಿ. ಬರೆಯಲು ಖರ್ಚಿಲ್ಲ, ಬರೆಯದಿದ್ದರೆ ಉಂಟು.